ಹತ್ತಿಕಾಳಿನ ಶಾಖ

ರೋಣ
೮ ಜನವರಿ ೨೦೦೪

ಮಗಳು ಸೈರಾಬಾನುವಿಗೆ ಅವ್ವನ ದುವಾ.

ನಿನ್ನ ಅತ್ತೆ ರಸೂಲಬಿಯವರ ಕಾಲು ಹೇಗಿದೆ? ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡವರು ಎದ್ದು ಓಡಾಡುವವರೆಗೆ ನಿನಗೆ ತವರಿನ ದಾರಿ ಇಲ್ಲ ಎಂದು ಗೊತ್ತಿದೆ. ಚೆನ್ನಾಗಿ ನೋಡಿಕೋ. ಮಲಗಿದ ಜಾಗದಿಂದ ಬೈದರೆ ಬೈಸಿಕೋ. ನನ್ನ ಕೈಯಲ್ಲಿ ಬೆಳೆದವಳಿಗೆ ಬೈಗುಳವೇನೂ ಹೊಸದಲ್ಲ.

ಇಲ್ಲಿ ನಮಗೆ ಕೆಲಸ ಕುತ್ತಿಗೆಗೆ ಬಂದಿದೆ. ಹತ್ತಿ ದಲಾಲಿಯ ಅಡತಿ ಅಂಗಡಿ ಇಟ್ಟಿರುವ ಅಂದಾನಪ್ಪನವರ ಮಗಳು ಉಮಾಶ್ರೀಯ ಲಗ್ನ ಗಟ್ಟಿಯಾಯಿತು. ಗಂಡಿನ ಮನೆ ಗಜೇಂದ್ರಗಡ. ಹಾಸಿಗೆ, ದಿಂಬು, ಲೋಡು ಎಲ್ಲ ನಮ್ಮ ಕೈಯಿಂದಲೇ ಆಗಬೇಕೆಂದು ಅವರ ಹೆಂಡತಿ ಸಿದ್ದಲಿಂಗವ್ವನ ಹಟ. "ಮಷಿನ್ ಗಾದಿ ನಮಗ ಬ್ಯಾಡ ಬಿಡವಾ. ನನ್ನ ಲಗ್ನದಾಗ ನಿಮ್ಮತ್ತಿ ಹೊಲಿದ ಗಾದಿ ಇನ್ನೂ ಒಂದ ಹೊಲಿಗಿ ಬಿಚ್ಚಿಲ್ಲ" ಎಂದು ಅಂಗಳದಲ್ಲಿ ನಿಂತು ಹೇಳಿಹೋದರು. ನಿನ್ನ ಅಪ್ಪ ಹತ್ತಿ ಹಿಂಜಿ ಹಿಂಜಿ ಮೀಸೆಯನ್ನೂ ಹುಬ್ಬನ್ನೂ ಬೆಳ್ಳಗೆ ಮಾಡಿಕೊಂಡಿದ್ದಾರೆ. ನಾನು ಹೊಲಿಯುತ್ತಾ ಕೂತಿದ್ದೇನೆ.

ಗಾದಿಯ ದಾರವನ್ನು ನಾನು ಕತ್ತರಿಯಿಂದ ಕತ್ತರಿಸುವವಳಲ್ಲ ಎಂದು ನಿನಗೆ ಗೊತ್ತೇ ಇದೆ. ಒಂದು ಕೈ ದಬ್ಬಣದ ಮೇಲೆ, ಇನ್ನೊಂದು ಕೈ ಹತ್ತಿಯನ್ನು ಅದುಮಿ ಹಿಡಿದಿರುತ್ತದೆ. ಮೂರನೇ ಕೈ ಅಂದರೆ ಹಲ್ಲು. ಮೊನ್ನೆ ಮೇಣ ಹಚ್ಚಿದ ದಾರ ಕಚ್ಚಿ ಎಳೆದಾಗ ಎಡಗಡೆಯ ಮೇಲಿನ ಹಲ್ಲು ಕಟ್ಟೆಂದಿತು. ಅದೇ, ಹಳೆಯ ತೂತಿನ ಹಲ್ಲು. ಅಂದಿನಿಂದ ನೋವು ಗಲ್ಲದಿಂದ ಹೊರಟು ಕಣ್ಣಿನ ತನಕ ಹೋಗಿ ಅಲ್ಲೊಂದು ಸುತ್ತು ಹಾಕಿ ಬರುತ್ತದೆ. ಲವಂಗ ಇಟ್ಟುಕೊಂಡಿದ್ದೇನೆ. ಬಾಯಿ ಬಿರಿಯಾನಿ ಡಬರಿಯಂತೆ ಘಮಘಮ ಅನ್ನುತ್ತಿದೆ. ನಿನ್ನ ಅಪ್ಪ ಅದೇ ನೆಪದಲ್ಲಿ ಬಿರಿಯಾನಿ ಕೇಳುತ್ತಿದ್ದಾರೆ.

ಅಳಿಯ ಇಮ್ರಾನನಿಗೆ ಸಲಾಂ ತಿಳಿಸು.

ನಿನ್ನ ಅವ್ವ
ಲಾಲಬಿ

•

ನರಗುಂದ
೧೩ ಜನವರಿ ೨೦೦೪

ಅವ್ವನಿಗೆ ಸೈರಾಳ ಸಲಾಂ.

ನಿನ್ನ ಕಾಗದ ಓದಿ ಇವರು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪನ ಬೆರಳು ಹಿಂಜುವ ಮಷಿನ್ನಿಗೆ ಸಿಕ್ಕಾಗಲೂ ನೀನು ಚೇಷ್ಟೆ ಮಾಡುತ್ತಲೇ ಬಟ್ಟೆ ಸುತ್ತಿದ್ದೆ. ನೀನು ಹೆಚ್ಚು ನಗಿಸಿದಷ್ಟೂ ನನಗೆ ಹೆಚ್ಚು ಹೆದರಿಕೆಯಾಗುತ್ತದೆ.

ಕಣ್ಣಿನ ತನಕ ನೋವು ಹೋಗುತ್ತದೆ ಎಂದರೆ ಏನವ್ವ? ಅದು ಲವಂಗದ ಕೆಲಸವಲ್ಲ. ಸೋಮವಾರ ಸೋಮವಾರ ಗದಗಿನಿಂದ ಒಬ್ಬ ಹಲ್ಲಿನ ಡಾಕ್ಟರು ರೋಣಕ್ಕೆ ಬರುತ್ತಾರಲ್ಲ, ಅವರಿಗೆ ತೋರಿಸು. ಕಿತ್ತು ಹಾಕುವುದಾದರೆ ಕಿತ್ತು ಹಾಕಲಿ. ಇವರು ಹೋದ ವರ್ಷ ಇಲ್ಲೇ ನರಗುಂದದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು, ಸಂಜೆಗೆ ಸೈಕಲ್ ಅಂಗಡಿ ತೆರೆದು ಪಂಕ್ಚರ್ ಹಾಕುತ್ತಾ ಕೂತಿದ್ದರು. "ಸೂಜಿ ಚುಚ್ಚಿದ್ದ ಅಷ್ಟ ಗೊತ್ತಾತು. ಹಲ್ಲ ಬಂದಿದ್ದು ಅವರು ತೋರಿಸಿದ ಮ್ಯಾಲೆ ಗೊತ್ತಾತು" ಎಂದು ಈಗಲೂ ಹೇಳುತ್ತಾರೆ.

ನಾನೇ ಬಂದು ಕೈ ಹಿಡಿದು ಕರೆದೊಯ್ಯುತ್ತಿದ್ದೆ. ಆದರೆ ಅತ್ತೆಯನ್ನು ಹೊರಳಿಸಿ ಮಲಗಿಸಲು ಕೂಡ ನಾನೇ ಬೇಕು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ಎಲ್ಲದಕ್ಕೂ ಹೂಂ ಹೂಂ ಎಂದು ಇಟ್ಟುಬಿಡುತ್ತೀ.

ಉಮಾಶ್ರೀಯ ಗಾದಿ ಒಂದು ವಾರ ತಡವಾದರೆ ಲಗ್ನವೇನೂ ನಿಲ್ಲುವುದಿಲ್ಲ. ಸೋಮವಾರ ತಪ್ಪಿಸಬೇಡ.

ಸೈರಾ

•

ರೋಣ
೨೦ ಜನವರಿ ೨೦೦೪

ಸೈರಾ,

ನೀನು ದೊಡ್ಡವಳಾದೆ, ಒಪ್ಪಿದೆ. ಅವ್ವನಿಗೇ ಬುದ್ಧಿ ಹೇಳುವಷ್ಟು ದೊಡ್ಡವಳಾದೆ.

ಸೋಮವಾರ ಬಂತು, ಹೋಯಿತು. ನಾನು ಹೋಗಲಿಲ್ಲ, ಹೋಗುವುದೂ ಇಲ್ಲ. ಇದು ಕೆಳಗಿನ ಹಲ್ಲಾಗಿದ್ದರೆ ನೀನು ಹೇಳುವ ಮೊದಲೇ ಕೀಳಿಸಿ ಹಿತ್ತಲಿಗೆ ಎಸೆಯುತ್ತಿದ್ದೆ. ಇದು ಮೇಲಿನದು. ಮೇಲಿನ ಹಲ್ಲಿನ ನರ ಕಣ್ಣಿಗೆ ಕಟ್ಟಿರುತ್ತದೆ. ಬೆಳವಣಕಿಯ ನನ್ನ ಚಿಗವ್ವ ಮದರಬಿ ನಿನಗೆ ನೆನಪಿರಬೇಕು. ನೀನು ಸಣ್ಣವಳಿದ್ದಾಗ ಬಾಗಿಲಲ್ಲಿ ಕೂತು, ಬಂದವರ ಮುಖವನ್ನು ಕೈಯಿಂದ ಸವರಿ ಗುರುತು ಹಿಡಿಯುತ್ತಿದ್ದಳಲ್ಲ, ಅವಳೇ. ಮೇಲಿನ ಹಲ್ಲು ಕೀಳಿಸಿದಳು, ಒಂದು ಕಣ್ಣು ಹೋಯಿತು. ಇನ್ನೊಂದು ವಯಸ್ಸಾದ ಮೇಲೆ ತಾನೇ ಹೋಯಿತು. ಬೆಳವಣಕಿಯಲ್ಲಿ ಯಾರನ್ನು ಬೇಕಾದರೂ ಕೇಳು.

ನಾನು ದಬ್ಬಣಕ್ಕೆ ದಾರ ಪೋಣಿಸಿ ಉಣ್ಣುವವಳು. ಹಲ್ಲಿಲ್ಲದೆ ಗಂಜಿ ಕುಡಿದೇನು. ಕಣ್ಣಿಲ್ಲದೆ ನಿನ್ನ ಅಪ್ಪ ಹಿಂಜಿದ ಹತ್ತಿಯನ್ನು ಏನು ಮಾಡಲಿ? ನನಗೆ ಸಾವಿಗಿಂತ ಅದರ ಹೆದರಿಕೆ ಹೆಚ್ಚು. ಇದನ್ನು ನಿನ್ನ ಹತ್ತಿರ ಮಾತ್ರ ಹೇಳುತ್ತಿದ್ದೇನೆ, ಇಮ್ರಾನನಿಗೆ ಓದಿ ಹೇಳಬೇಡ.

ಅದಲ್ಲದೆ ನೋವಿಗೆ ನಾನೇ ಮದ್ದು ಕಂಡುಕೊಂಡೆ. ಎಲ್ಲರೂ ಉಪ್ಪಿನ ಗಂಟಿನಿಂದ ಶಾಖ ಕೊಡುತ್ತಾರೆ, ಅದು ಲಗೂನೆ ಆರಿಹೋಗುತ್ತದೆ. ನಮ್ಮ ಮನೆಯಲ್ಲಿ ಹತ್ತಿಕಾಳಿಗೆ ಏನು ಕೊರತೆ? ಹಂಚಿನ ಮೇಲೆ ಹುರಿದು, ಹಳೆಯ ದಿಂಬಿನ ಅರಿವೆಯಲ್ಲಿ ಗಂಟು ಕಟ್ಟಿ ಗಲ್ಲಕ್ಕೆ ಒತ್ತಿ ಹಿಡಿದರೆ, ಕಾಳಿನ ಒಳಗಿನ ಎಣ್ಣೆಗೋ ಏನೋ, ಬಿಸಿ ತಾಸುಗಟ್ಟಲೆ ಇರುತ್ತದೆ. ಮೇಲೆ ಹಿಂಜಿದ ಹತ್ತಿ ಇಟ್ಟು ಸೆರಗಿನಿಂದ ಬಿಗಿದರೆ ಎರಡೂ ಕೈ ಬಿಡುವಾಗಿ ಹೊಲಿಯಲು ಕೂರಬಹುದು. ಜೊತೆಗೆ ಕಿರಾಣಿ ಅಂಗಡಿಯ ಬಿಳಿ ಗುಳಿಗೆ. ನಿನ್ನೆ ಮಧ್ಯಾಹ್ನ ನೋವು ಒಮ್ಮೆಲೇ ನಿಂತುಹೋಯಿತು. ಹಲ್ಲು ನನ್ನದೇ ಅಲ್ಲ ಅನ್ನುವ ಹಾಗೆ ಆಗಿದೆ. ಗಲ್ಲ ಮಾತ್ರ ತುಸು ಊದಿದೆ. ಒಳಗಿನ ಕೆಟ್ಟದ್ದು ಹಣ್ಣಾಗಿ ಹೊರಗೆ ಬರುತ್ತಿದೆ ಅಂತ ಕಾಣುತ್ತದೆ. ಇನ್ನೂ ಬಿಸಿ ಹೆಚ್ಚಿಸಿದರೆ ಪೂರ್ತಿ ಬಂದೀತು.

ಈಗ ಹೇಳು, ಡಾಕ್ಟರು ಯಾರು? ನಾನೋ, ಅವನೋ?

ಲಾಲಬಿ

•

ನರಗುಂದ
೨೪ ಜನವರಿ ೨೦೦೪

ಅವ್ವ,

ನಿನ್ನ ಕಾಗದ ಬಂದ ಕೂಡಲೇ ಎಸ್‌.ಟಿ.ಡಿ. ಬೂತಿಗೆ ಹೋಗಿ ಅಂದಾನಪ್ಪನವರ ಅಡತಿಗೆ ಫೋನ್ ಮಾಡಿದೆ. ಸಿದ್ದಲಿಂಗವ್ವ ಎತ್ತಿದರು. "ನಿಮ್ಮವ್ವಗ ಏನಾಗೇತಿ, ಆರಾಮ ಅದಾಳ. ಗಲ್ಲಕ್ಕ ಹತ್ತಿ ಕಟಗೊಂಡು ಕುಂತಾಳ. ಒಂದ ಕಡೀ ಮಾರಿ ಕುಂಬಳಕಾಯಿ ಆಗೇತಿ ನೋಡವಾ" ಎಂದು ನಕ್ಕರು. ಮಾರಿ ಕುಂಬಳಕಾಯಿಯಾದರೆ ಆರಾಮ ಹೇಗಾಗುತ್ತದೆ? ಅದನ್ನು ನೋಡಿಯೂ ಅವರು ನಗುತ್ತಾರಲ್ಲ.

ನೋವು ಒಮ್ಮೆಲೇ ನಿಂತಿತು ಎಂದು ನೀನು ಸಂತೋಷಪಟ್ಟು ಬರೆದಿದ್ದೀ. ಇವರು ನಮ್ಮ ಹಲ್ಲಿನ ಡಾಕ್ಟರನ್ನು ಹೋಗಿ ಕೇಳಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಅಕ್ಷರವನ್ನೂ ಹಾರಿಸದೆ ಓದು. "ನೋವು ನಿಂತೈತಿ ಅಂದ್ರ ಹಲ್ಲು ಸತ್ತೈತಿ, ಕೀವು ಸತ್ತಿಲ್ಲ. ಅದು ದಾರಿ ಹುಡಕ್ಕೊಂಡು ಹೊಂಟೈತಿ. ಬಾವಿನ ಮ್ಯಾಲೆ ಬಿಸಿ ಇಟ್ರ ಅದಕ್ಕ ಇನ್ನಷ್ಟು ದಾರಿ ಮಾಡಿಕೊಟ್ಟಂಗ. ಮೊದಲ ಆ ಶಾಖ ನಿಲ್ಲಸ್ರಿ, ಇವತ್ತ ಕರಕೊಂಡು ಹೋಗ್ರಿ."

ಇವತ್ತು ಎಂದು ಅವರು ಹೇಳಿದ್ದು, ಅವ್ವ. ಲಗ್ನ ಆದ ಮೇಲೆ ಎಂದಲ್ಲ.

ಮದರಬಿ ಅಜ್ಜಿಯ ಕಣ್ಣಿನ ಮಾತು ನಾನೂ ಕೇಳುತ್ತಲೇ ಬೆಳೆದೆ. ಇವರ ಹಲ್ಲು ಕೆಳಗಿನದು, ಅದು ಸಾಕ್ಷಿಯಲ್ಲ ಎಂದು ನೀನು ವಾದ ಹೂಡುತ್ತೀ ಎಂದೂ ಗೊತ್ತು. ನನಗೆ ವಾದ ಬೇಡ. ನನ್ನ ಮೇಲೆ ಆಣೆ, ದವಾಖಾನೆಗೆ ಹೋಗು. ಹೋದೆ ಎಂದು ಒಂದೇ ಒಂದು ಸಾಲು ಬರೆ.

ಸೈರಾ

•

ರೋಣ
೩೦ ಜನವರಿ ೨೦೦೪, ಶುಕ್ರವಾರ

ಮಗಳೇ,

ನಿನ್ನ ಅಪ್ಪ ಮೆಹಬೂಬಸುಭಾನಿ ಬರೆಯುವುದು. ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ನಿನ್ನ ಅವ್ವನಿಗೆ ತಿಳಿಯದಂತೆ ಮಷಿನ್ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಬೂತಿಗೆ ಹೋದೆ, ಲೈನು ಸತ್ತಿದೆ. ನರಗುಂದದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಇದನ್ನು ಕೊಡುತ್ತೇನೆ. ಇಮ್ರಾನನ ಅಂಗಡಿ ನಿಲ್ದಾಣದ ಎದುರಿಗೇ ಇದೆ ಎಂದು ಹೇಳುತ್ತೇನೆ.

ನಿನ್ನ ಕಾಗದ ಬಂದ ದಿನ ಅವಳು ಓದಿ ಮಡಿಸಿ ಇಟ್ಟಳು. ಶಾಖ ನಿಲ್ಲಿಸುತ್ತೇನೆ ಎಂದಳು. ನಿಲ್ಲಿಸಿದಳು ಕೂಡ. ಆದರೆ ಕೀವು ದಾರಿ ಹುಡುಕುತ್ತದೆ ಎಂದರೆ ನಾನೇ ದಾರಿ ತೋರಿಸುತ್ತೇನೆ ಅಂದುಕೊಂಡಳು. ಗಾದಿಯ ದಬ್ಬಣವನ್ನು ಸ್ಟೋವಿನ ಉರಿಗೆ ಹಿಡಿದು, ಕನ್ನಡಿ ನನ್ನ ಕೈಗೆ ಕೊಟ್ಟು, ಒಸಡಿಗೆ ತಾನೇ ಚುಚ್ಚಿಕೊಂಡಳು. ನಾನು ಕನ್ನಡಿ ಹಿಡಿದು ನಿಂತಿದ್ದೆ, ಮಗಳೇ. ಒಂದಿಷ್ಟು ಕೀವು ಬಂತು. "ಆತ ನೋಡ್ರಿ, ಹೋತ ಪೀಡಾ" ಎಂದು ನಕ್ಕಳು. ಆ ದಿನ ಊಟವನ್ನೂ ಮಾಡಿದಳು.

ಮರುದಿನ ಚಳಿ ಹತ್ತಿತು. ಗಾದಿ ಮೇಲೆ ಗಾದಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಎಡಗಣ್ಣು ಮುಚ್ಚಿದೆ. ರೆಪ್ಪೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಬೆರಳಿನಿಂದ ರೆಪ್ಪೆ ಎತ್ತಿ ಏನು ಕಾಣುತ್ತದೆ ಎಂದು ಕೇಳಿದೆ. "ಹೊಗಿ ಹೊಗಿ ಕಾಣತೈತಿ" ಎಂದಳು. ಆಮೇಲೆ ನನ್ನನ್ನು ಅಂದಾನಪ್ಪ ಎಂದು ಕರೆದು, ಗಾದಿ ಸೋಮವಾರ ಕೊಡುತ್ತೇನೆ ಎಂದಳು.

ದವಾಖಾನೆ ಅಂದರೆ ನನ್ನ ಕೈ ಕೊಡವುತ್ತಾಳೆ. ಬಕ್ರೀದ್ ಆಗಲಿ ಅನ್ನುತ್ತಾಳೆ. ನನಗೂ ಆ ಕಣ್ಣಿನ ಮಾತು ಮನಸ್ಸಿನಲ್ಲಿ ಇತ್ತು, ಅದಕ್ಕೇ ಇಷ್ಟು ದಿನ ಜೋರು ಮಾಡಲಿಲ್ಲ. ಈಗ ಹೊತ್ತುಕೊಂಡು ಹೋಗಲು ಹೊರಟಿದ್ದೇನೆ, ಅಂದಾನಪ್ಪನವರ ಟೆಂಪೋ ಕೇಳಿದ್ದೇನೆ. ಒಬ್ಬನಿಗೆ ಧೈರ್ಯವಿಲ್ಲ. ನಿನ್ನನ್ನು ಕಂಡರೆ ಅವಳು ಟೆಂಪೋ ಹತ್ತುತ್ತಾಳೆ. ಇದೇ ಬಸ್ಸು ತಿರುಗಿ ಬರುವಾಗ ಹತ್ತಿ ಬಾ.

ಅಪ್ಪ

•

ಹುಬ್ಬಳ್ಳಿ, ದವಾಖಾನೆ
೪ ಫೆಬ್ರುವರಿ ೨೦೦೪

ನನ್ನ ಯಜಮಾನರಿಗೆ ಸೈರಾ ಮಾಡುವ ಸಲಾಂ.

ಅವ್ವ ಬದುಕಿದ್ದಾಳೆ. ಫೋನಿನಲ್ಲಿ ಅಷ್ಟೇ ಹೇಳಿದೆ, ಉಳಿದದ್ದು ಬಾಯಿಗೆ ಬರಲಿಲ್ಲ. ಅತ್ತೆಯ ಪಕ್ಕದಲ್ಲಿ ಓದಬೇಡಿ, ಅಂಗಡಿಯಲ್ಲಿ ಕೂತು ಓದಿ.

ಶುಕ್ರವಾರ ನಾನು ರೋಣದ ಮನೆ ಹೊಕ್ಕಾಗ ಅವ್ವ ಅರ್ಧ ಹೊಲಿದ ಗಾದಿಯ ಮೇಲೆ ಬಿದ್ದಿದ್ದಳು. ಆ ಮುಖ ನನ್ನ ಅವ್ವನದು ಎಂದು ನನಗೆ ಗುರುತು ಹತ್ತಲಿಲ್ಲ. ಬಳೆ ನೋಡಿ ಗುರುತು ಹಿಡಿದೆ. ನಾನು "ಅವ್ವ" ಎಂದಾಗ, "ರಸೂಲಬೀನ ಒಬ್ಬಾಕೀನ ಬಿಟ್ಟ ಯಾಕ ಬಂದಿ?" ಎಂದು ಬೈದಳು. ಅಷ್ಟು ಬುದ್ಧಿ ಇನ್ನೂ ಇತ್ತು. ಟೆಂಪೋದಲ್ಲಿ ಹತ್ತಿಯ ಮೂಟೆಗಳ ನಡುವೆ ಮಲಗಿಸಿ ಗದಗಿಗೆ ಒಯ್ದೆವು. ಅಲ್ಲಿ ನೋಡಿದವರು ಕೈ ಹಚ್ಚದೆ ಹುಬ್ಬಳ್ಳಿಗೆ ಕಳಿಸಿದರು. ದಾರಿಯುದ್ದಕ್ಕೂ ನಾನು ಅವಳ ಮೂಗಿನ ಹತ್ತಿರ ಕೈ ಹಿಡಿದುಕೊಂಡೇ ಇದ್ದೆ, ಉಸಿರು ತಾಕುತ್ತಿದೆಯೋ ಇಲ್ಲವೋ ಎಂದು.

ಇಲ್ಲಿಯ ಡಾಕ್ಟರು ಸಿಟ್ಟಿಗೇಳಲಿಲ್ಲ. ಅಪ್ಪ ಎಲ್ಲವನ್ನೂ, ಕನ್ನಡಿ ಹಿಡಿದದ್ದನ್ನೂ ಬಿಡದೆ ಹೇಳಿದ ಮೇಲೆ, "ಹಲ್ಲಿನ ಬೇರಿನ ಕೀವು ಕಣ್ಣಿನ ಗೂಡಿಗೆ ಹತ್ತೈತ್ರಿ. ಅಲ್ಲಿಂದ ಮಿದುಳು ಭಾಳ ದೂರಿಲ್ಲ" ಎಂದರು. ಹಲ್ಲು ಕಿತ್ತರು, ಗಲ್ಲದಲ್ಲಿಯೂ ಕಣ್ಣಿನ ಕೆಳಗೂ ಕೊಯ್ದು ಕೀವು ತೆಗೆದರು. ಒಂದು ಬಾಟಲಿ ಮುಗಿಯುವ ಮೊದಲೇ ಇನ್ನೊಂದು ಬಾಟಲಿ ಏರಿಸುತ್ತಿದ್ದಾರೆ. ಜೀವಕ್ಕೆ ಇನ್ನು ಭಯವಿಲ್ಲ ಎಂದು ಇವತ್ತು ಹೇಳಿದರು. ಎಡಗಣ್ಣು ಹೋಯಿತು. ಮರಳಿ ಬರುವುದಿಲ್ಲವಂತೆ.

ಅವ್ವನಿಗೆ ನಾವು ಹೇಳಲಿಲ್ಲ, ಅವಳೇ ಕಂಡುಕೊಂಡಳು. ಮಂಚದ ಮೇಲೆ ಕೂತು ಬಲಗಣ್ಣನ್ನು ಅಂಗೈಯಿಂದ ಮುಚ್ಚುತ್ತಾಳೆ, "ಕತ್ಲಿ" ಅನ್ನುತ್ತಾಳೆ. ಕೈ ತೆಗೆಯುತ್ತಾಳೆ, "ಬೆಳಕ" ಅನ್ನುತ್ತಾಳೆ. ಮತ್ತೆ ಮುಚ್ಚುತ್ತಾಳೆ. ನಾನು ಕೈ ಹಿಡಿದು ನಿಲ್ಲಿಸಿದೆ. ಅಳಲಿಲ್ಲ ಅವಳು. ನನಗೆ ಅವಳು ಅಳದಿದ್ದುದೇ ಹೆಚ್ಚು ಹೆದರಿಕೆ.

ಇನ್ನೊಂದು ಮಾತು. ಬಲಗಡೆಯ ಮೇಲಿನ ಹಲ್ಲು ಒಂದು ಹೀಗೇ ಕೊಳೆತಿದೆಯಂತೆ. ಈ ಗಾಯ ಮಾಯ್ದ ಮೇಲೆ ಅದನ್ನೂ ತೆಗೆಸಬೇಕು, ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅವ್ವ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ನಿಮ್ಮ
ಸೈರಾ

•

ರೋಣ
೨೩ ಮೇ ೨೦೦೪

ಸೈರಾಳಿಗೆ ದುವಾ.

ನನ್ನ ಅಕ್ಷರ ನೋಡಿ ಒಂದನೇ ಇಯತ್ತೆಯ ಹುಡುಗಿ ಬರೆದಿದ್ದಾಳೆ ಅಂದುಕೊಳ್ಳಬೇಡ. ಒಂದು ಕಣ್ಣಿಗೆ ಸಾಲು ಎಲ್ಲಿ ಮುಗಿಯುತ್ತದೆ ಎಂದು ಇನ್ನೂ ತಿಳಿಯುತ್ತಿಲ್ಲ. ಚಹದ ಕಪ್ಪಿಗೆ ಕೈ ಹಾಕಿದರೆ ಅದರ ಪಕ್ಕದ ಗಾಳಿ ಸಿಗುತ್ತದೆ. ನಿನ್ನ ಅಪ್ಪ ಮಾತ್ರ ಮೊದಲಿಗಿಂತ ಚೆಂದ ಕಾಣುತ್ತಾರೆ, ಅರ್ಧ ಮುಖ ಕಂಡರೆ ಅವರಿಗೆ ಅಷ್ಟು ಲಾಭ.

ಉಮಾಶ್ರೀಯ ಲಗ್ನ ಆಗಿ ಮೂರು ತಿಂಗಳಾಗುತ್ತಾ ಬಂತು. ಗಾದಿಗಳನ್ನು ಕೊನೆಗೆ ಗಜೇಂದ್ರಗಡದ ಅಂಗಡಿಯಿಂದಲೇ ತಂದರು, ಮಷಿನ್ ಹೊಲಿದವು. ಸಿದ್ದಲಿಂಗವ್ವ ಲಡ್ಡು ಕೊಡಲು ಬಂದವರು ನನ್ನ ಕಣ್ಣು ನೋಡಿ ಅತ್ತರು. "ಹಲ್ಲ ಕೀಳಿಸಬಾರದಾಗಿತ್ತವಾ. ಕೀಳಿಸಿದ್ದಕ್ಕ ಕಣ್ಣ ಹೋತು" ಎಂದರು. ನಾನು ಹಾಗಲ್ಲ ಎಂದು ಹೇಳಲು ಹೋದೆ. ಅವರ ಜೊತೆ ಬಂದವರೂ ಅದನ್ನೇ ಅಂದರು. ಈಗ ಓಣಿಗೆ ಓಣಿಯೇ ಅದನ್ನು ಹೇಳುತ್ತಿದೆ. ಮೊದಮೊದಲು ಜಗಳಾಡಿದೆ. ಆಮೇಲೆ ಸುಮ್ಮನಾದೆ. ಡಾಕ್ಟರು ಕಿತ್ತರು, ಕಣ್ಣು ಹೋಯಿತು ಎಂದರೆ ಜನ ಅಯ್ಯೋ ಅನ್ನುತ್ತಾರೆ. ನಾನೇ ಬೇಯಿಸಿಕೊಂಡೆ, ನಾನೇ ಚುಚ್ಚಿಕೊಂಡೆ ಎಂದರೆ ಏನು ಅನ್ನುತ್ತಾರೆ?

ಹೊಲಿಗೆ ಇನ್ನೂ ಹಿಡಿದಿಲ್ಲ. ದಬ್ಬಣ ಗೂಡಿನಲ್ಲಿದೆ, ಅತ್ತ ಕೈ ಹೋಗುತ್ತಿಲ್ಲ. ಬಲಗಡೆಯ ಹಲ್ಲಿಗೆ ತಣ್ಣೀರು ತಾಕಿದರೆ ಜುಂ ಅನ್ನುತ್ತದೆ. ಅದನ್ನು ಈಗ ನೆನಪಿಸಬೇಡ. ಇರುವುದು ಒಂದೇ ಕಣ್ಣು.

ಅತ್ತೆ ಕೋಲು ಹಿಡಿದು ನಡೆಯುತ್ತಿದ್ದಾರೆ ಎಂದು ಕೇಳಿ ಸಂತೋಷವಾಯಿತು.

ಅವ್ವ

•

ನರಗುಂದ
೩ ಜುಲೈ ೨೦೦೪

ಅವ್ವ,

ಈ ಕಾಗದವನ್ನು ಬರೆದು ಹರಿದು ಮತ್ತೆ ಬರೆಯುತ್ತಿದ್ದೇನೆ.

ನನಗೆ ಹಲ್ಲು ನೋವು. ಮೇಲಿನದು, ಎಡಗಡೆ. ನಿನ್ನದೇ ಜಾಗ. ಕಣ್ಣಿನ ತನಕ ಹೋಗುತ್ತದೆ ಎಂದು ನೀನು ಬರೆದಿದ್ದೆಯಲ್ಲ, ಅದು ಏನು ಎಂದು ಈಗ ಗೊತ್ತಾಯಿತು. ಮಲಗಿದರೆ ದಿಂಬು ಕೂಡ ಬಡಿದುಕೊಳ್ಳುತ್ತದೆ.

ಕೀಳಿಸು ಎಂದು ನಿನಗೆ ದೊಡ್ಡದಾಗಿ ಬರೆದವಳು ನಾನೇ. ಎಲ್ಲ ಗೊತ್ತಿದೆ ನನಗೆ. ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಆದರೂ ಮೊನ್ನೆ ಹಲ್ಲಿನ ಡಾಕ್ಟರ ಬಾಗಿಲವರೆಗೆ ಹೋಗಿ ಚಪ್ಪಲಿ ಬಿಟ್ಟವಳು, ಮತ್ತೆ ಮೆಟ್ಟಿಕೊಂಡು ತಿರುಗಿ ಬಂದೆ. ಒಳಗೆ ಯಾರದೋ ಬಾಯಿ ತೆರೆಸಿ ನೋಡುತ್ತಿದ್ದರು. ಆ ಕುರ್ಚಿಯಲ್ಲಿ ನನಗೆ ನೀನೇ ಕಂಡೆ, ಅಂಗೈಯಿಂದ ಕಣ್ಣು ಮುಚ್ಚಿ ಕತ್ಲಿ, ಬೆಳಕ ಅನ್ನುತ್ತಿದ್ದ ಹಾಗೆ. ಇವರು ಎರಡು ಸಲ ಕರೆದೊಯ್ಯಲು ನೋಡಿದರು. ಎರಡು ಸಲವೂ ನಾನು ಅತ್ತು ರಂಪ ಮಾಡಿದೆ. ಅತ್ತೆಯಂತೂ ಕೋಲು ಅಡ್ಡ ಹಿಡಿದು, "ಅವರವ್ವನ ಕಣ್ಣ ನೋಡಿಲ್ಲೇನ? ಹಲ್ಲಿನ ಸಲುವಾಗಿ ನನ್ನ ಸೊಸೀನ ಕುರುಡಿ ಮಾಡತೀಯೇನ?" ಎಂದು ಇವರನ್ನೇ ಗದರಿದರು. ಅವರಿಗೆ ನನ್ನ ಮೇಲೆ ಪ್ರೀತಿ ಇದೆ ಎಂದು ಅವತ್ತೇ ಗೊತ್ತಾದದ್ದು.

ಊರವರು ಹೇಳುವುದು ಸುಳ್ಳು ಎಂದು ನೀನು ಒಮ್ಮೆ ಗಟ್ಟಿಯಾಗಿ ಅಂದಿದ್ದರೆ ನನಗೆ ಧೈರ್ಯ ಬರುತ್ತಿತ್ತೋ ಏನೋ. ನೀನೂ ಸುಮ್ಮನಾದೆ ಎಂದು ಬರೆದೆ. ನೀನೂ ಬಲಗಡೆಯದನ್ನು ತೆಗೆಸಲಿಲ್ಲ. ಅಂದರೆ ನಿನಗೂ ಒಳಗೆ ಅದೇ ನಂಬಿಕೆ ಇದೆ ಎಂದು ಅಂದುಕೊಂಡೆ.

ನಾನು ದಬ್ಬಣ ಮುಟ್ಟುವುದಿಲ್ಲ, ಹೆದರಬೇಡ. ನೋವು ತಡೆಯಲು ಆಗುತ್ತಿಲ್ಲ, ಅಷ್ಟೇ. ನಿನಗೆ ಆ ಶಾಖದಿಂದ ಒಂದು ದಿನ ಆರಾಮಾಗಿತ್ತಲ್ಲ. ಹತ್ತಿಕಾಳನ್ನು ಎಷ್ಟು ಹೊತ್ತು ಹುರಿಯಬೇಕು, ಬರೆದು ತಿಳಿಸು.

ಸೈರಾ

•

ರೋಣ
೭ ಜುಲೈ ೨೦೦೪

ಸೈರಾ,

ಹಂಚನ್ನು ಒಲೆಯ ಮೇಲೆ ಇಡಬೇಡ. ಮೊದಲು ಅದನ್ನು ಓದು, ಆಮೇಲೆ ಉಳಿದದ್ದು. ಬಿಸಿ ಬೇಡ, ಗುಳಿಗೆ ನುಂಗಿ ಸುಮ್ಮನಿರುವುದು ಬೇಡ, ಕಡ್ಡಿ ಸೂಜಿ ಏನೂ ಬೇಡ. ಗಲ್ಲದ ಮೇಲೆ ಕೈಯಾಡಿಸಿ ನೋಡು. ಊದಿದ್ದರೆ, ಅಥವಾ ಚಳಿ ಬಂದಿದ್ದರೆ, ನನ್ನ ದಾರಿ ಕಾಯದೆ ಈ ಗಳಿಗೆಯೇ ಡಾಕ್ಟರ ಹತ್ತಿರ ಹೋಗು. ಇಮ್ರಾನ ಎತ್ತಿಕೊಂಡು ಹೋಗಲಿ, ನೀನು ಕಿರುಚಿದರೆ ಕಿರುಚು.

ನಿನ್ನ ಕೊನೆಯ ಸಾಲನ್ನು ಎರಡು ಸಲ ಓದಿದೆ. ಹುಬ್ಬಳ್ಳಿಯಲ್ಲಿ ಕೂಡ ನನಗೆ ಇಷ್ಟು ಹೆದರಿಕೆಯಾಗಿರಲಿಲ್ಲ.

ಈಗ ಕೇಳು. ಮಾರ್ಚಿನಲ್ಲಿ ಮದರಬಿ ಚಿಗವ್ವನ ಮಗಳು ಕಾಶೀಂಬಿ ಬೆಳವಣಕಿಯಿಂದ ನನ್ನನ್ನು ನೋಡಲು ಬಂದಿದ್ದಳು. ನನ್ನ ಗಲ್ಲದ ಕಲೆಯನ್ನು ನೋಡಿ, "ನಮ್ಮವ್ವಗೂ ಹಿಂಗ ಆಗಿತ್ತು. ಮೊದಲ ಮಾರಿ ಬಾತು ಕಣ್ಣ ಮುಚ್ಚಿತು. ತಿಂಗಳಾನುಗಟ್ಲೆ ಇಟ್ಟಂಗಿ ಕಾಸಿ ಕಾಸಿ ಇಟ್ಟಳು. ಕಣ್ಣ ಹೋದ ಮ್ಯಾಲೆ ದವಾಖಾನಿಗೆ ಒಯ್ದು ಹಲ್ಲ ತಗಿಸಿದ್ವಿ" ಎಂದಳು. ಕಣ್ಣು ಹೋದ ಮೇಲೆ ಹಲ್ಲು, ಸೈರಾ. ಊರು ಅದನ್ನು ಹಿಂದುಮುಂದು ಮಾಡಿ ಹೇಳಿತು. ಆ ಮಾತು ಕೇಳಿ ಹೆದರಿ ನಾನು ನನ್ನ ಕಣ್ಣನ್ನು ಕಳೆದುಕೊಂಡೆ. ಇದು ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡು ಕೂತೆ, ಯಾರು ಏನು ಅಂದಾರೋ ಎಂದು. ಈಗ ನನ್ನ ಕಣ್ಣಿನ ಮಾತು ಹಿಡಿದುಕೊಂಡು ನಿನ್ನ ಅತ್ತೆ ನಿನ್ನನ್ನು ಬಾಗಿಲಲ್ಲಿ ತಡೆಯುತ್ತಿದ್ದಾರೆ. ಅವರನ್ನು ಬೈಯಬೇಡ. ಆ ಕೋಲನ್ನು ಅವರ ಕೈಗೆ ಕೊಟ್ಟವಳು ನಾನು.

ಇವತ್ತು ಬೆಳಿಗ್ಗೆ ಸಿದ್ದಲಿಂಗವ್ವನ ಮನೆಗೆ ಹೋಗಿ ಅಂಗಳದಲ್ಲೇ ನಿಂತು, "ನನ್ನ ಕಣ್ಣ ಡಾಕ್ಟರು ಕಳದಿಲ್ರಿ, ನಾನ ಹತ್ತಿಕಾಳಿನಾಗ ಬೇಯಿಸಿಕೊಂಡೀನಿ" ಎಂದು ಓಣಿಗೆ ಕೇಳುವಂತೆ ಹೇಳಿ ಬಂದೆ. ಏನಾದರೂ ಅಂದುಕೊಳ್ಳಲಿ.

ನನಗೂ ಒಳಗೆ ಅದೇ ನಂಬಿಕೆ ಇದೆಯೇ ಎಂದು ಕೇಳಿದ್ದೀ. ನಂಬಿಕೆ ಇಲ್ಲ. ಹೆದರಿಕೆ ಇದೆ. ಬಲಗಡೆಯ ಹಲ್ಲನ್ನು ನಾಲಿಗೆಯಿಂದ ಮುಟ್ಟಿದಾಗಲೆಲ್ಲ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಒಂದೇ ಉಪಾಯ ಕಾಣುತ್ತಿದೆ. ನಾಳೆ ಮೊದಲನೆಯ ಬಸ್ಸಿಗೆ ಬರುತ್ತೇನೆ. ಡಾಕ್ಟರ ಕುರ್ಚಿಯಲ್ಲಿ ಮೊದಲು ನಾನು ಕೂರುತ್ತೇನೆ. ನೀನು ಎದುರಿಗೆ ನಿಂತು ನೋಡು. ನನ್ನ ಹತ್ತಿರ ಉಳಿದಿರುವುದು ಇದೊಂದೇ ಕಣ್ಣು ಎಂದು ನಿನಗೆ ಗೊತ್ತು. ಅದನ್ನೇ ಪಣಕ್ಕೆ ಇಡುತ್ತೇನೆ.

ಇದನ್ನು ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೇನೆ. ಹಂಚನ್ನು ಕೆಳಗಿಳಿಸು.

ಅವ್ವ

•

ನರಗುಂದ
೮ ಜುಲೈ ೨೦೦೪

ಸೈರಾಳ ಅಪ್ಪನವರಿಗೆ ಲಾಲಬಿಯ ಸಲಾಂ.

ಬಾಯಿ ತುಂಬ ಹತ್ತಿ ಇದೆ, ಮಾತಾಡಕೂಡದು ಎಂದಿದ್ದಾರೆ. ನನ್ನ ಬಾಯಿಯನ್ನು ಕಟ್ಟಿಹಾಕಿದವರು ಜಗತ್ತಿನಲ್ಲಿ ಇವರೊಬ್ಬರೇ. ಅದಕ್ಕೆ ಡಾಕ್ಟರ ಬಾಗಿಲಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆಯ ಬಸ್ಸಿಗೆ ಇಮ್ರಾನ ಕೊಟ್ಟು ಕಳಿಸುತ್ತಾನೆ. ನೀವು ಅನ್ನ ನೀರು ಬಿಟ್ಟು ಕೂತಿರುತ್ತೀರಿ, ಮೊದಲು ಉಣ್ಣಿರಿ.

ಸೈರಾಳ ಗಲ್ಲ ಊದಿಲ್ಲ, ಜ್ವರ ಇಲ್ಲ. ಹಂಚು ಒಲೆಯ ಪಕ್ಕದಲ್ಲಿತ್ತು, ಮೇಲೆ ಏರಿರಲಿಲ್ಲ. ಮನೆ ಹೊಕ್ಕ ಕೂಡಲೇ ಮೊದಲು ಅದನ್ನೇ ಮುಟ್ಟಿ ನೋಡಿದೆ, ತಣ್ಣಗಿತ್ತು. ರಸೂಲಬಿಯವರು ಕೋಲು ಊರಿಕೊಂಡು ನಮ್ಮ ಜೊತೆ ಇಲ್ಲಿಯ ತನಕ ಬಂದಿದ್ದಾರೆ. ನನ್ನ ಪಕ್ಕದಲ್ಲೇ ಕೂತು ದುವಾ ಓದುತ್ತಿದ್ದಾರೆ.

ಮೊದಲು ನಾನೇ ಕುರ್ಚಿಯಲ್ಲಿ ಕೂತೆ. ಡಾಕ್ಟರು, "ಹೆದರಿಕಿ ಆದ್ರ ಕಣ್ಣ ಮುಚ್ಚಿಕೊಳ್ರಿ" ಎಂದರು. ಎಲ್ಲವನ್ನೂ ಅವರು ಹೇಳಿದಂತೆ ಮಾಡಿದೆ, ಅದೊಂದನ್ನು ಬಿಟ್ಟು. ಮುಚ್ಚಿದರೆ ಮತ್ತೆ ತೆರೆದಾಗ ಏನು ಕಾಣುವುದೋ ಎಂದು. ಹಲ್ಲು ಬರುವ ತನಕ ಮೇಲಿನ ಲೈಟನ್ನೇ ನೋಡುತ್ತಿದ್ದೆ. ಕಣ್ಣಿನಿಂದ ನೀರು ಸುರಿಯಿತು, ಆದರೂ ಮುಚ್ಚಲಿಲ್ಲ. ಆಮೇಲೆ ತಿರುಗಿ ನೋಡಿದೆ. ಸೈರಾ ಕಂಡಳು. ಅವಳ ಮೂಗಿನ ನತ್ತು ಕಂಡಿತು, ಗೋಡೆಯ ಕ್ಯಾಲೆಂಡರಿನ ತಾರೀಖು ಕಂಡಿತು.

ಆದರೂ ಅವಳು ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು. ಖರೇ ಕಾಣುತ್ತಿದೆಯೇ ಎಂದು ಕೇಳಿದಳು. ಬರುವಾಗ ದಬ್ಬಣವನ್ನೂ ದಾರದ ಉಂಡೆಯನ್ನೂ ಗೂಡಿನಿಂದ ತಂದಿದ್ದೆ. ಮಡಿಲಿನಿಂದ ತೆಗೆದೆ. ದಾರದ ತುದಿ ಕಚ್ಚಲು ಬಾಯಿಗೆ ಒಯ್ದವಳಿಗೆ ಹತ್ತಿ ನೆನಪಾಯಿತು. ಡಾಕ್ಟರ ಕಡೆ ಕೈ ಚಾಚಿದೆ, ಅವರು ಕತ್ತರಿ ಕೊಟ್ಟರು. ಮೊದಲ ಸಲ ದಾರ ತೂತಿನ ಪಕ್ಕಕ್ಕೆ ಹೋಯಿತು. ಸೈರಾಳ ಮುಖ ಬಿಳಿಚಿತು. ಒಂದೇ ಕಣ್ಣಿಗೆ ಹಾಗೇ ಆಗುತ್ತದೆ ಎಂದು ಹೇಳಲು ನನಗೆ ಬಾಯಿ ಇರಲಿಲ್ಲ. ಮತ್ತೆ ತಪ್ಪಿತು. ಆಗ ಮೊಣಕೈಯನ್ನು ತೊಡೆಗೆ ಊರಿ, ಉಸಿರು ಹಿಡಿದು ನೂಕಿದೆ. ದಾರ ಒಳಗೆ ಹೋಯಿತು. ಆ ಕಡೆಯಿಂದ ಎಳೆದು ಗಂಟು ಹಾಕಿ ಅವಳ ಕೈಗೆ ಕೊಟ್ಟೆ.

ಅವಳು ಗಂಟನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಚಪ್ಪಲಿ ಇಲ್ಲೇ ಬಾಗಿಲಲ್ಲಿ ಇವೆ, ನಾನು ನೋಡುತ್ತಿದ್ದೇನೆ.

ನಿಮ್ಮ
ಲಾಲಬಿ